ವಡೆ ತಿಂದ ದ್ರೋಹಿ ಯಾರು?

ಹಿನ್ನೀರಿನ ಅಧಿಪತಿಗಳೇ, ಕುರಿಮಂದೆಗಳ ಮಹಾಪ್ರಭುಗಳೇ, ಪೆನ್ನಾಗರಂ ಬಸ್ಸಿಗೆ ಕಾದು ಸೊರಗಿದ ಸಮಸ್ತ ಗೆಳೆಯರೇ!

ಅಣೆಕಟ್ಟೆಯ ಹಿನ್ನೀರ ದಡದಲ್ಲಿ ಪ್ರವಾಸಿ ಕೇಂದ್ರ, ದೋಣಿ ವಿಹಾರ, ಮಕ್ಕಳ ಪಾರ್ಕು ಕಟ್ಟುತ್ತಾರಂತೆ. ಊರಿನವರ ಅಭಿಪ್ರಾಯ ಕೇಳಲು ಇವತ್ತು ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದು ನಕ್ಷೆ ಹರಡಿದರು. ನಮ್ಮ ಕುರಿಗಳು ನೀರಿಗೆ ಇಳಿಯುವ ದಾರಿಯ ಮೇಲೆಯೇ ಕಾರ್ ಪಾರ್ಕಿಂಗ್!

"ಕುರಿ ಎಲ್ಲಿ ನೀರ್ ಕುಡೀಬೇಕು ಸಾರ್?" ಎಂದರು ನಮ್ಮ ದೊಡ್ಡಪ್ಪ.

"ಅದೆಲ್ಲಾ ಅಪ್ಪುರಂ ಪಾಕಲಾಂ ಐಯಾ" ಎಂದು, ಆಮೇಲೆ ನೋಡಿಕೊಳ್ಳೋಣವೆಂದು ತಮಿಳಿನಲ್ಲೇ ಹೇಳಿ ಅಧಿಕಾರಿ ನಕ್ಕು, ಬಂದವರ ಪಟ್ಟಿ ಮುಂದಿಟ್ಟರು. ರುಜು ಹಾಕಿದವರಿಗೆ ಟೀ, ಬಿಸಿ ವಡೆ.

ಇಡೀ ಗುಂಪು ಹಿಂದೆ ಸರಿಯಿತು.

"ಡ್ಯಾಮ್ ಕಟ್ಟೋವಾಗ ನಮ್ ಮುತ್ತಾತ ಹೆಬ್ಬೆಟ್ಟು ಒತ್ತಿದ್ದಕ್ಕೆ ಊರೇ ನೀರಾಗೆ ಓಯ್ತು. ಈಗ ವಡೆ ತೋರುಸ್ತಾವ್ರೆ. ಯಾವನೂ ಪೆನ್ ಮುಟ್ಬೇಡ್ರಲಾ!" ಎಂದು ದೊಡ್ಡಪ್ಪ ಗುಡುಗಿದರು.

ಗಂಟೆಗಟ್ಟಲೆ ಎಲ್ಲರೂ ಪಾರ್ಕಿಂಗ್ ಬೇಡವೆಂದು ಕೂಗಿದರು. ಕೊನೆಗೆ ಅಧಿಕಾರಿ ಪಟ್ಟಿ ನೋಡಿ ಗುಮಾಸ್ತನಿಗೆ ಬರೆಸಿದರು: "ಸಭೆಗೆ ಬಂದವರು ಒಬ್ಬರು. ಆಕ್ಷೇಪಣೆ ಇಲ್ಲ."

"ಒಬ್ಬನಾ? ಯಾವನಲಾ ಆ ದ್ರೋಹಿ?" ದೊಡ್ಡಪ್ಪ ಕಿರುಚುವಷ್ಟರಲ್ಲಿ ಜೀಪು ಹೊರಟುಹೋಗಿತ್ತು.

ಮಧ್ಯಾಹ್ನದಿಂದ ಊರಿನಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಸಿಕ್ಕಿದವರ ಬಾಯಿ ಮೂಸಿ ನೋಡುತ್ತಿದ್ದಾರೆ. ತನಿಖೆಯ ಮುಂದಾಳತ್ವವನ್ನು ನಾನೇ ವಹಿಸಿದ್ದೇನೆ.

ವಡೆಯಲ್ಲಿ ಉಪ್ಪು ಸ್ವಲ್ಪ ಕಡಿಮೆಯಿತ್ತು. ರುಜು ಹಾಕುವಾಗ ನನ್ನ ಹೆಸರು ಬರೆಯಲು ಭಯವಾಗಿ, ದೊಡ್ಡಪ್ಪನ ಹೆಸರು ಬರೆದೆ.