ಇವರು ಮೊದಲನೇ ನಂಬರ್ ಬಂದದ್ದು

ನನ್ನ ಗಂಡ ರಸ್ತೆ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರು ಹಾಕಿಸಿದ ರಸ್ತೆಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಆಯಾ ವರ್ಷದ ಮಳೆಗಾಲವೇ ಹೇಳಿ ಮುಗಿಸಿದೆ. ಆದರೆ ರಸ್ತೆಯ ಮೇಲೆ ಗಾಡಿ ಓಡಿಸುವ ಮಾತಿಗೆ ಬಂದರೆ, ಇಡೀ ಹೈದರಾಬಾದಿನಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಇವರ ಖಚಿತ ಅಭಿಪ್ರಾಯ. ಉಳಿದವರೆಲ್ಲ ಲೈಸೆನ್ಸ್ ಇರುವ ದನಗಳು.

ಹೋದ ವರ್ಷದಿಂದ ಇವರ ಕೈ ನಡುಗತೊಡಗಿತು. ಚಹಾ ಕೊಟ್ಟರೆ ಬಸಿಯ ಮೇಲೆ ಕಪ್ಪು ಗಿಲಿಗಿಲಿ ಎನ್ನುತ್ತಿತ್ತು. ಡಾಕ್ಟರು ವಯಸ್ಸಿನ ನಡುಕ ಎಂದು ಗುಳಿಗೆ ಬರೆದುಕೊಟ್ಟರು. ಇವರು ಚಳಿ ಎಂದರು. ಆಗ ಮೇ ತಿಂಗಳು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಗೋಡೆಗೆ ಕೈ ಹಚ್ಚಿದರೆ ರೊಟ್ಟಿಯ ಹಂಚಿಗೆ ಹಚ್ಚಿದಂತಿತ್ತು. ನಾನು ಅವರ ಮುಖ ನೋಡಿದೆ. "ಎಸಿ ಚಳಿ," ಎಂದು ತಿದ್ದಿಕೊಂಡರು. ಎಸಿ ಕೆಟ್ಟು ಕೂತಿತ್ತು.

ಮೊದಲು ಕಾರು ನೆಲಮಾಳಿಗೆಯ ಕಂಬಕ್ಕೆ ತಾಗಿತು. ಕಂಬ ಕಟ್ಟಿದವನು ಅಳತೆ ತಪ್ಪಿದ್ದಾನೆಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಪಾಠ ಮಾಡಿ ಬಂದರು. ಆಮೇಲೊಂದು ದಿನ ಬೆಳಿಗ್ಗೆ, ಓಣಿಯ ತಿರುವಿನಲ್ಲಿ, ಕಾರು ಫುಟ್‌ಪಾತ್ ಏರಿ ಇಡ್ಲಿ ಬಂಡಿಗೆ ಒಂದು ಗೇಣು ಬಿಟ್ಟು ನಿಂತಿತು. ಪಕ್ಕದ ಸೀಟಿನಲ್ಲಿದ್ದ ನನಗೆ ಚಟ್ನಿಯಲ್ಲಿ ತೇಲುವ ಕರಿಬೇವು ಕಾಣುತ್ತಿತ್ತು. ಬಂಡಿಯ ಹೆಂಗಸು ಸೌಟು ಹಿಡಿದುಕೊಂಡೇ ಬಂದು, "ಪೆದ್ದಾಯನಾ, ಮನುಷುಲು ಕನಿಪಿಂಚಟ್ಲೇದಾ?" ಎಂದು ಕೂಗಿದಳು. ದೊಡ್ಡವರೇ, ಮನುಷ್ಯರು ಕಾಣುವುದಿಲ್ಲವೇ ಎಂದು. ಇವರು ಗಾಜು ಇಳಿಸಿ, "ರೋಡ್ ಪೇ ಬಂಡಿ ಕಾಯ್ಕೂ ಲಗಾಯೇ?" ಎಂದು, ರಸ್ತೆಯ ಮೇಲೆ ಬಂಡಿ ಯಾಕೆ ಹಚ್ಚಿದೆಯೆಂದು ಅವಳನ್ನೇ ಗದರಿದರು. ಬಂಡಿ ಇದ್ದದ್ದು ಫುಟ್‌ಪಾತಿನ ಮೇಲೆ. ಈಗ ಕಾರೂ ಅಲ್ಲೇ ಇತ್ತು.

ಅಂದು ಸಂಜೆ ಮಗಳು ಕಾರಿನ ಕೀಲಿಕೈ ತೆಗೆದು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಅವಳು ನಮ್ಮ ಜೊತೆಗೇ ಇರುವವಳು, ಅಬಿಡ್ಸಿನ ಒಂದು ಬ್ಯಾಂಕಿನಲ್ಲಿ ಕೆಲಸ. ವಾರವಿಡೀ ಗಿರಾಕಿಗಳ ಬೈಗುಳ ತಿಂದು, ರಜೆಯ ದಿನ ಟಿವಿಯಲ್ಲಿ ಕಾರ್ ರೇಸಿನ ಗೇಮ್ ಹಚ್ಚಿ ಸೇಡು ತೀರಿಸಿಕೊಳ್ಳುತ್ತಾಳೆ. ಆ ಗೇಮ್ ಆಡಲು ಎರಡೂ ಕೈಯಲ್ಲಿ ಹಿಡಿಯುವ ಗೇಮ್‌ಪ್ಯಾಡನ್ನೇ ಅಪ್ಪನ ಕೈಗಿಟ್ಟಳು.

"ಅಪ್ಪಾ, ಗಾಡಿ ಹೊಡಿಬೇಕು ಅನಿಸಿದ್ರ ಇದರಾಗ ಹೊಡೀರಿ. ಯಾರಿಗೂ ಪೆಟ್ಟಾಗೂದಿಲ್ಲ."

ಇವರು ಪ್ಯಾಡನ್ನು ತಿರುಗಿಸಿ ಮುರುಗಿಸಿ ನೋಡಿ ಮೊದಲು ಕೇಳಿದ್ದು, "ಹಾರ್ನ್ ಎಲ್ಲಿ ಐತಿ?"

ಮೂಲೆಯಲ್ಲಿದ್ದ ಒಂದು ಗುಂಡಿ ತೋರಿಸಿದಳು. ಅಷ್ಟು ದೂರ ಬೆರಳು ಹೋಗಿ ಹಾರ್ನ್ ಹೊಡೆಯುವಷ್ಟರಲ್ಲಿ ಹೈದರಾಬಾದಿನಲ್ಲಿ ನಾಲ್ಕು ಆಟೋ ಅಡ್ಡ ಬಂದಿರುತ್ತವೆ ಎಂದು ಇವರ ವಾದ. ಹೆಬ್ಬೆರಳ ಕೆಳಗೇ ಹಾರ್ನ್ ಬೇಕೆಂದು ಹಟ ಹಿಡಿದರು. ಮಗಳು ಸೆಟ್ಟಿಂಗ್ಸಿಗೆ ಹೋಗಿ ಹ್ಯಾಂಡ್‌ಬ್ರೇಕಿನ ಜಾಗಕ್ಕೆ ಹಾರ್ನ್, ಹಾರ್ನಿನ ಜಾಗಕ್ಕೆ ಹ್ಯಾಂಡ್‌ಬ್ರೇಕ್ ಮಾಡಿಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಇವರ ಕಾರು ಜೋರಾಗಿ ಹಾರ್ನ್ ಹೊಡೆಯುತ್ತ ಹೋಗಿ ಗೋಡೆಗೆ ಬಡಿಯುತ್ತಿತ್ತು.

ಹನ್ನೆರಡು ಕಾರಿನ ರೇಸು. ಇವರು ಹನ್ನೆರಡನೆಯವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಇಂಜಿನಿಯರ್ ಆದ್ದರಿಂದ ನೆಲ ಎಷ್ಟು ಡೊಂಕು ಎಂಬುದನ್ನೂ ಲೆಕ್ಕ ಹಾಕಿದರು. "ಈ ತಿರುವಿನ್ಯಾಗ ಹೊರಗಿನ ಬಾಜೂ ಇನ್ನೂ ಎತ್ತರ ಇರಬೇಕಾಗಿತ್ತು. ಯಾವ ಕಂತ್ರಾಟದಾರ ಮಾಡ್ಯಾನೋ ಇದನ್ನ!" ಗೇಮಿನವರು ಎದುರಿಗೆ ಸಿಕ್ಕಿದ್ದರೆ ನೋಟಿಸು ಕೊಟ್ಟೇ ಬಿಡುತ್ತಿದ್ದರು.

ಒಂದು ರಾತ್ರಿ ಊಟಕ್ಕೆ ಕೂತಾಗ ಇವರೇ ಪಣ ಕಟ್ಟಿದರು. "ಇದರಾಗ ಮೊದಲನೇ ನಂಬರ್ ಬಂದ್ರ ಕೀಲಿಕೈ ವಾಪಸ್ ಕೊಡ್ತೀಯೇನು?" ಮಗಳಿಗೆ ನಗು ಬಂತು. ಆ ನಗೆಯಲ್ಲೇ "ಹೂಂ, ಕೊಡ್ತೀನಿ" ಅಂದುಬಿಟ್ಟಳು. ಸರ್ಕಾರಿ ನೌಕರಿ ಮಾಡಿದವರ ಎದುರು ನಗುತ್ತ ಹೂಂ ಅನ್ನಬಾರದು. ನಗು ಮರೆತುಹೋಗುತ್ತದೆ, ಹೂಂ ಆದೇಶವಾಗಿ ಉಳಿಯುತ್ತದೆ.

ಮರುದಿನದಿಂದ ಇವರಿಗೆ ಅದೇ ನೌಕರಿ. ಮುಂಜಾನೆ ಪೂಜೆ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡು ಟಿವಿ ಮುಂದೆ ಕೂರುತ್ತಿದ್ದರು. ಹನ್ನೆರಡನೆಯವರಾಗಿಯೇ ಏಳುತ್ತಿದ್ದರು. ಕಾರು ನೆಟ್ಟಗಿನ ರಸ್ತೆಯಲ್ಲೂ ಕುಡಿದವನಂತೆ ಹೊಯ್ದಾಡುತ್ತಿತ್ತು, ಹೆಬ್ಬೆರಳು ನಡುಗಿದಂತೆಲ್ಲ ಚಕ್ರ ತಿರುಗುತ್ತಿತ್ತು. ಗೋಡೆಗೆ ಬಡಿದಾಗ ಪ್ಯಾಡು ಗುರ್ ಎಂದು ಅದುರುತ್ತಿತ್ತು. ಅದುರುವುದು ಪ್ಯಾಡೋ ಕೈಯೋ ಗೊತ್ತಾಗುತ್ತಿರಲಿಲ್ಲ. ಆಗ ಇವರು ಮೆಲ್ಲಗೆ ಕೈಯನ್ನು ತೊಡೆಯ ಸಂದಿಗೆ ಸೇರಿಸಿ ಒತ್ತಿ ಹಿಡಿಯುತ್ತಿದ್ದರು, ಯಾರಾದರೂ ನೋಡಿದರೇ ಎಂದು ಸುತ್ತ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿದ್ದ ನಾನು ಒಳಗೆ ಸರಿಯುತ್ತಿದ್ದೆ.

ಮಗಳೂ ನೋಡಿದಳು. ಒಂದು ರಜೆಯ ದಿನ ಅಪ್ಪನ ಪಕ್ಕ ಕೂತು ಸೆಟ್ಟಿಂಗ್ಸ್ ತೆಗೆದಳು. ಮೊದಲು ವೈಬ್ರೇಶನ್ ಬಂದ್ ಮಾಡಿದಳು. ಆಮೇಲೆ ಡೆಡ್ ಝೋನ್ ಎಂಬುದನ್ನು ಹೆಚ್ಚಿಸಿದಳು. ಪ್ಯಾಡಿನ ಮೇಲೆ ಹೆಬ್ಬೆರಳಿಂದ ತಿರುಗಿಸುವ ಕಡ್ಡಿ ತುಸುವೇ ಅಲುಗಿದರೆ ಗೇಮು ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುತ್ತದಂತೆ, ಬೇಕೆಂದೇ ತಿರುಗಿಸಿದರೆ ಮಾತ್ರ ತಿರುಗುತ್ತದಂತೆ. ಸೆನ್ಸಿಟಿವಿಟಿ ಇಳಿಸಿದಳು, ಚಕ್ರ ಗಕ್ಕನೆ ಹೊರಳುವುದು ನಿಂತಿತು. ಬೇಡಿಕೊಂಡು ಹಾರ್ನನ್ನು ಮತ್ತೆ ಮೂಲೆಗೆ ಕಳಿಸಿದಳು. ಕಾರು ನೆಟ್ಟಗೆ ಓಡಿತು. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಣ್ಣು ಮಂಜಾದವರು ಕನ್ನಡಕ ಹಾಕುವುದಿಲ್ಲವೇ?

ಅಂದು ಇವರು ಎಂಟನೆಯವರಾಗಿ ಬಂದರು, ಸ್ವಂತ ಬಲದಿಂದ. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರ ಮರ್ಯಾದೆ ಉಳಿಯುತ್ತಿತ್ತು. ಆದರೆ ಇವರು ಎಂಟರಲ್ಲೇ ಕೂತರು. ಎಂಟರಲ್ಲಿ ಕೂತ ಸಿಟ್ಟನ್ನೆಲ್ಲ ನನ್ನ ಸಾರಿನ ಉಪ್ಪಿನ ಮೇಲೆ, ಪೇಪರ್ ತಡ ಮಾಡಿದವನ ಮೇಲೆ, ನೆರೆಮನೆಯ ನಾಯಿಯ ಮೇಲೆ ತೀರಿಸತೊಡಗಿದರು. ಮನೆ ಮಂದಿಗೆ ಸಾಕಾಯಿತು. ಕೊನೆಗೊಂದು ದಿನ ಇವರು ಸ್ನಾನಕ್ಕೆ ಹೋದಾಗ ಮಗಳು ಗುಟ್ಟಾಗಿ ಸ್ಟೀರಿಂಗ್ ಅಸಿಸ್ಟ್ ಹಚ್ಚಿದಳು, ಬ್ರೇಕ್ ಅಸಿಸ್ಟ್ ಹಚ್ಚಿದಳು, ಎದುರಾಳಿಗಳನ್ನೆಲ್ಲ ತೀರ ಮೆತ್ತಗಾಗಿಸಿದಳು. ಇನ್ನು ತಿರುವು ಬಂದರೆ ಕಾರು ತಾನೇ ತಿರುಗುತ್ತದೆ, ಬೇಕಾದಲ್ಲಿ ತಾನೇ ಬ್ರೇಕ್ ಹಾಕುತ್ತದೆ. ಆಡುವವರು ಆಕ್ಸಿಲರೇಟರ್ ಒತ್ತಿಕೊಂಡು ಮುಖ ಗಂಭೀರ ಮಾಡಿ ಕೂತರಾಯಿತು. ಗಂಭೀರ ಮುಖಕ್ಕೆ ಇವರಲ್ಲಿ ಯಾವತ್ತೂ ಕೊರತೆಯಿಲ್ಲ.

ಇವರು ಮೊದಲನೆಯವರಾಗಿ ಬಂದರು. ಮತ್ತೆ ಆಡಿದರು, ಮತ್ತೆ ಮೊದಲು. ಟಿವಿಯಲ್ಲಿ ಬಣ್ಣದ ಕಾಗದ ಹಾರಾಡಿತು. ಇವರು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡರು, ಯಾರೋ ಹಾರ ಹಾಕಲು ಬರುತ್ತಾರೆಂಬಂತೆ.

"ನೋಡಿದಿ? ಕೈಗೆ ಏನೂ ಆಗಿಲ್ಲ. ರೂಢಿ ತಪ್ಪಿತ್ತು, ಅಷ್ಟ."

ತಕ್ಷಣ ಫೋನ್ ಎತ್ತಿಕೊಂಡು ನಾಚಾರಂನಲ್ಲಿರುವ ತಂಗಿಗೆ ಹೇಳಿದರು. "ಈ ಐತವಾರ ಬರ್ತೀವಿ. ಮೆಟ್ರೋ ಯಾಕ? ನಾನs ಕಾರ್ ಹೊಡ್ಕೊಂಡು ಬರ್ತೀನಿ. ನಿಮ್ಮ ವೈನಿ ಬಾಜೂಕ ಇರ್ತಾಳ."

ಪಕ್ಕದ ಸೀಟಿನಲ್ಲಿ ಇರುವ ಆ ವೈನಿ, ತಂಗಿಯ ಅತ್ತಿಗೆ, ನಾನು. ತಂಗಿಯ ಮನೆ ಇರುವುದು ಕಾರ್ಖಾನೆಗಳ ಹಿಂದಿನ ಕಾಲೊನಿಯಲ್ಲಿ. ಆ ರಸ್ತೆಯಲ್ಲಿ ಲಾರಿಗಳು ಹಿಂದೆ ಮುಂದೆ ನೋಡದೆ ನುಗ್ಗುತ್ತವೆ. ಅಲ್ಲಿ ಡೆಡ್ ಝೋನೂ ಇಲ್ಲ, ಬ್ರೇಕ್ ಅಸಿಸ್ಟೂ ಇಲ್ಲ. ನನಗೆ ಇಡ್ಲಿ ಬಂಡಿಯ ಕರಿಬೇವು ಕಣ್ಣ ಮುಂದೆ ಬಂತು. ಆ ಹೆಂಗಸಿನ ಮುಖವೂ ಬಂತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅವ್ವಾ, ನೀನs ಹೇಳು."

"ಹಚ್ಚಿದಾಕಿ ನೀನು, ಹೇಳಾಕಿ ನಾನೇನು?"

"ನಾ ಹೇಳಿದ್ರ ಅಪ್ಪಾ ಎರಡು ದಿನ ಊಟ ಬಿಡ್ತಾರ."

"ನಾ ಹೇಳಿದ್ರ ನನ್ನ ಊಟ ಬಿಡಸ್ತಾರ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೀಗೆ ಪಿಸುಗುಟ್ಟುತ್ತ ನಿಂತಿದ್ದಾಗ ಮಗಳು, ಆ ಅಸಿಸ್ಟನ್ನು ಆಡುವವರಿಗೆ ಗೊತ್ತೇ ಆಗದಂತೆ ಮಾಡಿರುತ್ತಾರೆ, ತಾನೇ ಓಡಿಸುತ್ತಿದ್ದೇನೆ ಅನಿಸಬೇಕು, ಅದೇ ಅದರ ಕೆಲಸ ಅಂದಳು. ನನ್ನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಆ ಕೆಲಸ ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆ ಮನೆಯಲ್ಲಿ ಇವರಿಗೆ ಹೆಸರು ನೆನಪಾಗದ ಬೀಗರು ಎದುರು ಬಂದಾಗ ಮುಂದೆ ಹೋಗಿ ಹೆಸರು ಹಿಡಿದು ಜೋರಾಗಿ ಮಾತಾಡಿಸುವವಳು ನಾನು. ಇವರು ಮನೆ ಮಾಲೀಕನ ಮೇಲೆ ಕೂಗಾಡಿ ಬಂದ ಮೇಲೆ ಹಿಂದಿನ ಬಾಗಿಲಿಂದ ಶೇಂಗಾ ಹೋಳಿಗೆ ಒಯ್ದು ಸಮಾಧಾನ ಮಾಡಿ ಬರುವವಳು ನಾನು. ಮಾಲೀಕ ತಮಗೆ ಹೆದರಿದನೆಂದು ಇವರು ಇಂದಿಗೂ ಹೇಳುತ್ತಾರೆ. ಕೆಲಸದಾಕೆ ಬಿಟ್ಟು ಹೋಗದಂತೆ, ಮಗಳನ್ನು ನೋಡಲು ಬಂದವರು ಅರ್ಧಕ್ಕೇ ಎದ್ದು ಹೋಗದಂತೆ, ಇವರ ತಮ್ಮಂದಿರು ಮಾತು ಬಿಡದಂತೆ ಎಲ್ಲ ತಿರುವಿನಲ್ಲೂ ಹಿಂದಿನಿಂದ ಚಕ್ರ ಹಿಡಿದು ತಿರುಗಿಸಿದ್ದೇನೆ. ಇವರು ಆಕ್ಸಿಲರೇಟರ್ ಒತ್ತಿದ್ದಾರೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಇವರು ಇಸ್ತ್ರಿಯ ಅಂಗಿ ಹಾಕಿಕೊಂಡು, ಹೊರಡುವ ಮೊದಲು ಕೈ ಬೆಚ್ಚಗಾಗಲಿ ಎಂದು ಒಂದು ರೇಸಿಗೆ ಕೂತರು. ನಾನು ಹೋಗಿ ಟಿವಿಯ ಎದುರಿಗೇ ನಿಂತೆ.

"ರೀ, ಈ ಗಾಡಿ ನೀವು ಹೊಡೀತಿಲ್ಲ. ಅದ ತಾನs ತಿರಗತೈತಿ, ತಾನs ಬ್ರೇಕ್ ಹಾಕತೈತಿ. ನಿಮಗ ಬ್ಯಾಸರ ಆಗಬಾರದಂತ ನಾವು ಹಚ್ಚಿಟ್ಟೀವಿ."

ಇವರು ನನ್ನನ್ನು ನೋಡಿದರು, ಬಾಗಿಲಲ್ಲಿದ್ದ ಮಗಳನ್ನು ನೋಡಿದರು.

"ಸುಳ್ಳು. ತಗದು ತೋರಸು."

ಮಗಳು ಬಂದು ಒಂದೊಂದಾಗಿ ತೆಗೆದಳು. ಡೆಡ್ ಝೋನ್ ತೆಗೆಯಲು ಹೋದಾಗ ನಾನು ಬೇಡ ಅಂದೆ. ಕನ್ನಡಕ ಇರಲಿ. ಎದುರಾಳಿಗಳಿಗೆ ಅವರ ಜೀವ ವಾಪಸು ಬಂತು. ರೇಸು ಶುರುವಾಯಿತು.

ಮೊದಲ ತಿರುವಿನಲ್ಲಿ ಇವರು ಅಭ್ಯಾಸದಂತೆ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರು. ಕಾರು ಸೀದಾ ಹೋಗಿ ಗೋಡೆಗೆ ಬಡಿಯಿತು. ಹಿಂದೆ ತೆಗೆದು ಮತ್ತೆ ಹೊರಟರು. ಎರಡನೇ ತಿರುವು, ಮತ್ತೆ ಗೋಡೆ. ರಸ್ತೆಯನ್ನು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಪ್ಯಾಡನ್ನು ಬಿಸಾಕುತ್ತಾರೆಂದು ಕಾದೆ, ಅದನ್ನೂ ಮಾಡಲಿಲ್ಲ. ಹಣೆಯಲ್ಲಿ ಗಂಧದ ಜೊತೆ ಬೆವರು ಇಳಿಯುತ್ತಿತ್ತು. ಉಳಿದ ಕಾರುಗಳೆಲ್ಲ ಮುಗಿಸಿ ಹೋದ ಮೇಲೂ ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸುತ್ತ ಹೋಗಿ ಗೆರೆ ದಾಟಿದರು. ಹನ್ನೆರಡನೆಯವರು. ಪ್ಯಾಡನ್ನು ಟೀಪಾಯಿಯ ಮೇಲಿಟ್ಟರು. ಅದರ ಪಕ್ಕದಲ್ಲಿ ಕೈಯನ್ನೂ ಇಟ್ಟರು. ಅದು ನಡುಗುತ್ತಿತ್ತು, ಇವರು ಮುಚ್ಚಿಕೊಳ್ಳಲಿಲ್ಲ.

"ಆಫೀಸಿನ್ಯಾಗೂ ಹಿಂಗs ಬ್ಯಾರೆಯವರು ತಿರಗಸ್ತಿದ್ರೇನು?" ಎಂದು ಕೇಳಿದರು.

ಸುಳ್ಳು ಹೇಳುವ ರೂಢಿ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಆಫೀಸಿಂದು ನನಗ ಗೊತ್ತಿಲ್ಲರಿ," ಅಂದೆ. "ಮನ್ಯಾಗ ನಾ ತಿರಗಸ್ತಿದ್ದೆ."

ಮಗಳು ಕೊಟ್ಟ ಮಾತು ಕೊಟ್ಟದ್ದೇ ಎಂದು ಕೀಲಿಕೈ ತಂದು ಅವರ ಮುಂದೆ ಹಿಡಿದಳು. ಇವರು ಅದನ್ನು ಮುಟ್ಟಲಿಲ್ಲ.

"ನಿನ್ನ ಕಡೇನs ಇರಲಿ. ನಡಿ, ನೀನs ಹೊಡಿ. ಅತ್ತಿ ಊಟಕ್ಕ ಕಾಯತಿರ್ತಾಳ."

ಅವಳು ಕಾರು ತೆಗೆಯಲು ಓಡಿದಳು. ನಾವಿಬ್ಬರೂ ಬಾಗಿಲಿಗೆ ಬೀಗ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತೆವು. ಅದು ಯಾವುದೋ ಮಹಡಿಯಲ್ಲಿ ನಿಂತುಕೊಂಡಿತ್ತು. ಇವರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಇಷ್ಟು ವರ್ಷ ನಿನ್ನ ಕೈ ನೋಯಲಿಲ್ಲೇನು?"

ಹಾಗೆ ಕೇಳುತ್ತಾರೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಇಲ್ಲರಿ ಎಂದು ಹೇಳಲು ಬಾಯಿ ತೆರೆದೆ.

"ನೋಯ್ತರಿ," ಅಂದೆ. "ಭಾಳ ನೋಯ್ತು."