ತಮ್ಮನಲ್ಲದ ತಮ್ಮನ ಆಸ್ಪತ್ರೆ ಸಾಲ

ನಾನೊಬ್ಬ ಸುಸ್ತಿದಾರ. ಇದು ನಾನು ಹೇಳುವ ಮಾತಲ್ಲ, ಬ್ಯಾಂಕಿನ ಕಂಪ್ಯೂಟರ್ ಹೇಳಿದ್ದು.

ಶಿವಮೊಗ್ಗದಲ್ಲೊಂದು ಪುಟ್ಟ ಮನೆ ನೋಡಿ, ಅಡ್ವಾನ್ಸ್ ಕೊಟ್ಟು, ಹೌಸಿಂಗ್ ಲೋನ್‌ಗೆ ಅರ್ಜಿ ಹಾಕಿದ್ದೆ. ಮನೆಯಾಕೆ ಆಗಲೇ ಅಡುಗೆಮನೆ ಕಿಟಕಿಗೆ ಪರದೆ ಹೊಲಿಸಿದ್ದಳು. ತಿಂಗಳೊಳಗೆ ಲೋನ್ ಆಗದಿದ್ದರೆ ಮನೆ ಬೇರೆಯವರ ಪಾಲು, ಅಡ್ವಾನ್ಸ್‌ಗೆ ಪಂಗನಾಮ. ಮ್ಯಾನೇಜರ್ ಮಾನಿಟರನ್ನು ನನ್ನತ್ತ ತಿರುಗಿಸಿದರು.

"ಏನ್ ಸಾರ್, ಆಸ್ಪತ್ರೆ ಸಾಲ ಕಟ್ಟದೆ ಬಿಟ್ಟಿದೀರಲ್ಲ? ಕ್ರೆಡಿಟ್ ರಿಪೋರ್ಟ್‌ನಲ್ಲಿ ಬಂದಿದೆ."

ನಾನು ಆಸ್ಪತ್ರೆಯಲ್ಲಿ ಮಲಗಿದ್ದು ಹುಟ್ಟಿದಾಗ ಮಾತ್ರ. (ಆ ಬಿಲ್ ಅಪ್ಪ ಕಟ್ಟಿರಬೇಕು.) ಆಮೇಲೆ ಹೊಳೆಯಿತು. ಸೆಲ್ವಂ.

ಸೆಲ್ವಂ ಭದ್ರಾವತಿಯ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು. ನಾನು ಅದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುವವನು. ಶಿವಮೊಗ್ಗದಿಂದ ಇಬ್ಬರೂ ದಿನಾ ಹೋಗುವುದು ಒಂದೇ ಬಸ್ಸಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಟೋದಲ್ಲಿ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಓಡಿದೆ.

"ಪೇಷೆಂಟ್ ಕಡೆಯವರು ಯಾರು?" ಎಂದಳು ಕೌಂಟರಿನಾಕೆ.

ನಮ್ಮ ಕಡೆ ಈ ಪ್ರಶ್ನೆಗೆ 'ನಾನಲ್ಲ' ಅನ್ನುವವರು ಇದ್ದಾರೆಯೇ? "ನಾನೇ" ಅಂದೆ. ಸಂಬಂಧ ಅನ್ನುವ ಜಾಗದಲ್ಲಿ ಆಕೆಯೇ 'ಅಣ್ಣ' ಎಂದು ಬರೆದುಕೊಂಡಳು. ಅವರು ಕೇಳಿದಷ್ಟು ಕಟ್ಟಲು ಜೇಬಿನಲ್ಲಿ ದುಡ್ಡಿರಲಿಲ್ಲ. ಪಕ್ಕದ ಟೇಬಲ್‌ನಲ್ಲಿ ಫೈನಾನ್ಸ್ ಕಂಪನಿಯವನು ಟೈ ಕಟ್ಟಿಕೊಂಡು ತಯಾರಾಗಿ ಕೂತಿದ್ದ. ಕಂತಿನ ಸಾಲ. ತೋರಿಸಿದ ಕಡೆಯೆಲ್ಲ ಸೈನ್ ಹಾಕಿದೆ.

ಸೆಲ್ವಂ ಬದುಕಿದ. ಅಂದಿನಿಂದ ನನ್ನನ್ನು ಅಣ್ಣ ಎಂದೇ ಕರೆಯತೊಡಗಿದ. ಸಾಲದ ಕಂತುಗಳನ್ನು ಒಂದೂ ತಪ್ಪಿಸದೆ ತಾನೇ ಕಟ್ಟಿ ಮುಗಿಸಿದ. ರಸೀದಿಗಳೆಲ್ಲ ಇವೆ. ಕಂಪನಿ ಮಾಡಿದ್ದೇನು? ಬಂದ ದುಡ್ಡನ್ನು ಅವನ ಹೆಸರಿಗೆ ಜಮಾ ಮಾಡಿಕೊಂಡು, ಸಾಲವನ್ನು ನನ್ನ ಹೆಸರಿನಲ್ಲಿ ಹಾಗೇ ಉಳಿಸಿಕೊಂಡಿತ್ತು. ನೋಟಿಸುಗಳು ನಾವು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗುತ್ತಿದ್ದವಂತೆ.

ರಸೀದಿ ಹಿಡಿದು ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಬಹಳ ವಿನಯವಂತ.

"ಸಂಬಂಧಿಕರು ಕಟ್ಟಿದ್ರೆ ನಿಮ್ಮ ಲೋನ್‌ಗೆ ಟ್ರಾನ್ಸ್‌ಫರ್ ಮಾಡೋಕೆ ಬರಲ್ಲ ಸಾರ್. ಅದು ಫ್ಯಾಮಿಲಿ ಮ್ಯಾಟರ್. ಹೊರಗಿನವ್ರು ಕಟ್ಟಿದ್ರೆ ಮಾಡ್ಬಹುದು."

"ಅವನು ನನ್ನ ತಮ್ಮ ಅಲ್ಲ ಮಾರಾಯ್ರೆ. ಅವರ ಮನೆಮಾತು ತಮಿಳು. ಇಬ್ಬರ ಅಪ್ಪಂದಿರ ಹೆಸರು ನೋಡಿ."

"ಹಂಗಿದ್ರೆ ಸೈನ್ ಯಾಕೆ ಹಾಕಿದ್ರಿ?"

ಪಕ್ಕದಲ್ಲಿ ಮನುಷ್ಯ ಬೆವರಿ ಒದ್ದೆಯಾಗಿದ್ದ, ಅದಕ್ಕೆ ಹಾಕಿದೆ. ಕಂಪ್ಯೂಟರಿನಲ್ಲಿ ಇದಕ್ಕೊಂದು ಕಾಲಂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಪ್ರಯೋಜನ? ನಾವು ಅಣ್ಣತಮ್ಮಂದಿರಲ್ಲ ಎಂದು ಇಬ್ಬರೂ ಅಫಿಡವಿಟ್ ಕೊಡಬೇಕು ಎಂದರು. (ತಮ್ಮ ಹೌದು ಎಂದು ಸಾಬೀತು ಮಾಡಲು ಕೋರ್ಟಿಗೆ ಅಲೆಯುವವರನ್ನು ಕಂಡಿದ್ದೇನೆ. ನನ್ನದು ಉಲ್ಟಾ ಕೇಸು.)

ಸೆಲ್ವಂ ಅರ್ಧ ದಿನ ರಜೆ ಹಾಕಿ ನೋಟರಿ ಹತ್ತಿರ ಬಂದ. 'ನಮ್ಮಿಬ್ಬರ ನಡುವೆ ರಕ್ತಸಂಬಂಧವಾಗಲಿ, ಇನ್ನಾವುದೇ ಸಂಬಂಧವಾಗಲಿ ಇರುವುದಿಲ್ಲ' ಎಂದು ಟೈಪಾಗಿತ್ತು. ಅವನು ಅಕ್ಷರ ಕೂಡಿಸಿಕೊಂಡು ಓದಿದ.

"ಇನ್ನಾವುದೇ ಸಂಬಂಧ ಅಂತಾನೂ ಹಾಕ್ಬೇಕಾ ಅಣ್ಣ?"

"ಫಾರ್ಮ್ಯಾಟೇ ಹಂಗಿದೆ ಕಣಪ್ಪ, ಸೈನ್ ಹಾಕು" ಅಂದೆ. ನನಗೆ ಮನೆಯದೇ ಚಿಂತೆ. ಹಾಕಿದ. ಕಾಫಿಗೆ ಕರೆದರೆ, ವರ್ಕ್‌ಶಾಪಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟ.

ರಿಪೋರ್ಟ್ ಕ್ಲೀನ್ ಆಯಿತು. ಲೋನ್ ಬಂತು, ಮನೆ ನಮ್ಮದಾಯಿತು. ಗೃಹಪ್ರವೇಶಕ್ಕೆ ಕರೆಯಲು ಹೋದರೆ ಸೆಲ್ವಂ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು, "ಖಂಡಿತ ಬರ್ತೀನಿ ಸಾರ್" ಅಂದ.

ಈ ತಪ್ಪನ್ನು ತಿದ್ದಿಕೊಡುವ ಆಫೀಸು ಎಲ್ಲಿದೆ, ನಿಮಗೇನಾದರೂ ಗೊತ್ತಾ?