ಫೌಜಿ ಗಾಡಿಯ ಮೂರು ತೂತು

ಇವತ್ತು ಬೆಳಿಗ್ಗೆ ಬೈಲಹೊಂಗಲದ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚುವವರು ಬಂದಿದ್ದರು. ಹಳೆಯ ಬಣ್ಣದ ಮೇಲೆ ಅದೇನೋ ಎಣ್ಣೆ ಬಳಿದು ಕೆರೆಯತೊಡಗಿದ್ದೇ ತಡ, ಆ ಮೂಗು ಸುಡುವ ವಾಸನೆ ನನ್ನನ್ನು ಕುರ್ಚಿಯಿಂದ ಎತ್ತಿ ಕಟಕೋಳಕ್ಕೆ ಒಯ್ದಿತು. ಚಹಾ ಹಿಡಿದು ಬಂದ ಹೆಂಡತಿ, "ಮತ್ತ ಮಲ್ಲಪ್ಪ ಕಾಕಾನ ಹಿತ್ತಲಕ್ಕ ಹೋದ್ರೇನು?" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮುಖ ನೋಡಿದರೆ ಅವನು ಯಾವ ಊರಿನಲ್ಲಿದ್ದಾನೆಂದು ತಿಳಿದುಬಿಡುತ್ತದೆ. ನೀವೂ ಬನ್ನಿ, ಚಹಾ ಆರುವುದರೊಳಗೆ ಹೋಗಿಬರೋಣ.

ಮಲ್ಲಪ್ಪ ಕಾಕಾ ನಮ್ಮ ತಂದೆಯ ಚಿಕ್ಕಪ್ಪನ ಮಗ. ಮಿಲಿಟರಿಯಲ್ಲಿ ಸುಬೇದಾರನಾಗಿದ್ದು, ನಿವೃತ್ತನಾದ ಮೇಲೆ ಕಟಕೋಳದಲ್ಲಿ ಹೊಲ ನೋಡಿಕೊಂಡಿದ್ದಾನೆ. ಎಪ್ಪತ್ತು ದಾಟಿದರೂ ಬೆನ್ನು ಬಾಗಿಲ್ಲ. ಊಟಕ್ಕೆ ಕುಳಿತಾಗಲೂ ಯಾರೋ ಮೇಲಧಿಕಾರಿ ಎದುರಿಗಿದ್ದಂತೆ ಕೂರುತ್ತಾನೆ. ಅವನ ಹಿತ್ತಲಿನ ಬೇವಿನ ಮರದ ಕೆಳಗೆ, ನಾನು ಹುಟ್ಟುವ ಮೊದಲಿನಿಂದಲೂ, ಎರಡನೆಯ ಮಹಾಯುದ್ಧದ ಕಾಲದ ಒಂದು ಉಕ್ಕಿನ ಗಾಡಿ ನಿಂತಿದೆ. ಗಾಲಿಯ ಸುತ್ತ ಸರಪಳಿಯ ಪಟ್ಟಿ, ನಾಲ್ಕೂ ಕಡೆ ದಪ್ಪ ತಗಡು, ಮೇಲೆ ಬಟಾಬಯಲು. ಟ್ಯಾಂಕು ನೋಡುವ ಆಸೆಯಿಂದ ಬಂದವರಿಗೆ ನಿರಾಸೆಯೇ. ದನಕ್ಕೆ ನೀರು ಕುಡಿಸುವ ಬಾನಿಗೆ ಯಾರೋ ಎಂಜಿನ್ನು ಕೂಡಿಸಿದಂತೆ ಕಾಣುತ್ತದೆ. ಊರವರು ಅದಕ್ಕೆ ಫೌಜಿ ಗಾಡಿ ಎನ್ನುತ್ತಾರೆ.

ಅದನ್ನು ತಂದವನು ಕಾಕಾನ ತಂದೆ ರುದ್ರಪ್ಪಜ್ಜ. ಸೈನ್ಯದಲ್ಲಿ ಡ್ರೈವರನಾಗಿದ್ದ ಅಜ್ಜ ಯುದ್ಧ ಮುಗಿದ ಮೇಲೆ ಮೋಡಕಾ, ಅಂದರೆ ಗುಜರಿ, ಹರಾಜಿನಲ್ಲಿ ಇದನ್ನು ಹಿಡಿದು ಊರಿಗೆ ತಂದ. ನಮ್ಮ ಎರೆ ಹೊಲಗಳಲ್ಲಿ ಕರಿಕೆ ಹುಲ್ಲು ಬೇರುಬಿಟ್ಟರೆ ಎಂಥ ಎತ್ತುಗಳೂ ಸೋಲುತ್ತವೆ. ನೇಗಿಲು ಕಟ್ಟಿದ ಈ ಗಾಡಿ ಸೋಲಲಿಲ್ಲವಂತೆ. ಕಾಕಾ ಇನ್ನೂ ಕೂಸಿದ್ದಾಗಲೇ ಟ್ರ್ಯಾಕ್ಟರು ಬಂತು, ಫೌಜಿ ಗಾಡಿಗೆ ಪಿಂಚಣಿಯಾಯಿತು. ಡ್ರೈವರ್ ಕೂರುವಲ್ಲಿ ಕೋಳಿಗಳು ಕಾವಿಗೆ ಕುಳಿತವು. ಎಂಜಿನ್ನಿನ ಮುಚ್ಚಳದ ಮೇಲೆ ಗಂಗವ್ವ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮೆಣಸಿನಕಾಯಿ ಒಣಹಾಕಿದಳು. ಉಕ್ಕಿನ ಮೇಲೆ ಒಣಗಿದ ಸಂಡಿಗೆಯ ರುಚಿಯೇ ಬೇರೆ ಎಂದು ಅವಳ ವಾದ. ತಿಂದು ನೋಡಿದ್ದೇನೆ, ವಾದದಲ್ಲಿ ಹುರುಳಿದೆ.

ಆದರೆ ಗಾಡಿಯ ಮಾನವೆಲ್ಲ ಇದ್ದದ್ದು ಅದರ ಹಿಂಬದಿಯ ತಗಡಿನ ಮೂರು ತೂತುಗಳಲ್ಲಿ. ಅವು ವೈರಿಯ ಗುಂಡಿನವು; ರುದ್ರಪ್ಪಜ್ಜ ಗಾಡಿ ನಡೆಸುತ್ತಿದ್ದಾಗ ಬಿದ್ದವು; ಪಕ್ಕದಲ್ಲಿದ್ದ ಜೊತೆಗಾರ ಅಲ್ಲೇ ಸತ್ತ. ಹೀಗೆಂದು ಕಥೆ. ಪ್ರತಿವರ್ಷ ದಸರೆಯ ಖಂಡೆ ಪೂಜೆಯ ದಿನ ಮನೆಯ ಕುಡಗೋಲು, ಕೊಡಲಿಗಳ ಜೊತೆಗೆ ಈ ಗಾಡಿಗೂ ಪೂಜೆ. ಹೆಂಗಸರು ಮೂರು ತೂತಿಗೂ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ಕಾಕಾ ರಜೆಯಲ್ಲಿ ಬಂದಾಗ ಎದುರಿಗೆ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದ.

ನಾನು ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವನು, ಬಾಯಿ ಸುಮ್ಮನಿರಬೇಕಲ್ಲ. "ಕಾಕಾ, ವೈರಿ ಮುಂದ ಇರತಾನ. ಗುಂಡು ಹಿಂದ ಹೆಂಗ ಬಿತ್ತು?" ಎಂದು ಒಮ್ಮೆ ಕೇಳಿದ್ದೆ.

"ಆವಾಗ ಗಾಡಿ ಹಿಂದಕ್ಕ ಹೊಳ್ಳಾಕ ಹತ್ತಿತ್ತು," ಎಂದ ಕಾಕಾ, ಕಣ್ಣು ಮಿಟುಕಿಸದೆ.

"ಮೂರೂ ಒಂದ ಸಾಲಿನ್ಯಾಗ ಅದಾವಲ್ಲ?"

"ಮಷಿನ್‌ಗನ್ ಹಂಗ ಹೊಡೀತೈತಿ. ನೀ ಫೌಜಿನ್ಯಾಗ ಇದ್ದೀಯೇನು?"

ಇರಲಿಲ್ಲ.

ಎರಡು ವರ್ಷದ ಹಿಂದೆ ಕಾಕಾ ನನ್ನನ್ನು ಕರೆಸಿದ. ಗಾಡಿಯನ್ನು ಮೊದಲಿನಂತೆ ಮಾಡಿ ಬಸ್‌ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ನಿಲ್ಲಿಸಲು ಊರ ಪಂಚರು ಒಪ್ಪಿದ್ದರು. ನಾನು ಅದರ ಇತಿಹಾಸ ಹುಡುಕಿ ಕಲ್ಲಿನ ಮೇಲೆ ಕೆತ್ತಿಸಲು ನಾಲ್ಕು ಸಾಲು ಬರೆಯಬೇಕು. "ನಾ ಫೌಜಿಗೆ ಹೋಗಿದ್ದು ಆ ಮೂರು ತೂತು ನೋಡಿ. ನಾ ಸಾಯೂದ್ರಾಗ ಅಪ್ಪನ ಹೆಸರು ಊರ ಮುಂದ ನಿಂದರಬೇಕು," ಎಂದ. ಎಂದೂ ಏನನ್ನೂ ಬೇಡದ ಮನುಷ್ಯ.

ಕೆಲಸ ಸುರುವಾಯಿತು. ರಾಮದುರ್ಗದ ಟ್ರ್ಯಾಕ್ಟರ್ ಮಿಸ್ತ್ರಿಯೊಬ್ಬ ಎಂಜಿನ್ನು ಬಿಚ್ಚಿಕೊಂಡು ಹೋದ. ಸರಪಳಿಯ ಸವೆದ ಮೊಳೆಗಳ ಬದಲು ಹೊಸವನ್ನು ಬೈಲಹೊಂಗಲದಲ್ಲಿ ಮಾಡಿಸಿ, ಕೈಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಒಯ್ದವನು ನಾನೇ. ಕಂಡಕ್ಟರು ಚೀಲ ಎತ್ತಿ ನೋಡಿ ನನ್ನನ್ನು ಗುಜರಿಯವನೆಂದು ತಿಳಿದ. ಉಳಿದಂತೆ ನನ್ನ ಪಾಲಿಗೆ ಬಂದದ್ದು ಬಣ್ಣ ಕೆರೆಯುವುದು. ವರ್ಷಕ್ಕೊಮ್ಮೆ ಪೂಜೆಗೆ ಮುಂಚೆ ಮನೆಯಲ್ಲಿ ಉಳಿದ ಬಣ್ಣವನ್ನೆಲ್ಲ ಆ ಗಾಡಿಗೆ ಹಚ್ಚುವುದು ಪದ್ಧತಿ. ಹಸಿರು ಕೆರೆದರೆ ನೀಲಿ, ನೀಲಿ ಕೆರೆದರೆ ಎತ್ತಿನ ಕೋಡಿಗೆ ಹಚ್ಚುವ ಕೆಂಪು. ಚಿಗವ್ವ ಪಕ್ಕದಲ್ಲಿ ಕುಳಿತು, "ಇದು ನಮ್ಮ ಹಿರೇ ಮಗಳ ಲಗ್ನದಾಗ ಬಾಗಲಕ್ಕ ಹಚ್ಚಿದ್ದು. ಅದರ ಬುಡಕಿಂದು ಮಾವಗ ಹೊಸಾ ಚಕ್ಕಡಿ ಮಾಡಿಸಿದಾಗಿಂದು," ಎಂದು ಹೇಳುತ್ತಿದ್ದಳು. ಯುದ್ಧದ ಇತಿಹಾಸ ಹುಡುಕಲು ಹೋದವನಿಗೆ ಮನೆಯ ಮದುವೆಗಳೆಲ್ಲ ಸಿಕ್ಕವು.

ಕೊನೆಗೆ ಮಿಲಿಟರಿಯ ಮಣ್ಣಿನ ಬಣ್ಣ ಬಂತು, ಅದರ ಮೇಲೆ ಬಿಳಿ ನಂಬರು. ಹಳೆಯ ಫೌಜಿ ವಾಹನಗಳ ಹುಚ್ಚಿರುವ ಪುಣೆಯ ಒಬ್ಬರಿಗೆ ಅದರ ಫೋಟೋ ಕಳಿಸಿದೆ. ಈ ನಂಬರಿನ ಸಾಲಿನ ಗಾಡಿಗಳು ತಯಾರಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತಿತ್ತು, ಬಹಳಷ್ಟು ಡಿಪೋ ಬಿಟ್ಟು ಹೊರಗೆ ಹೋಗಿಲ್ಲ ಎಂದು ಅವರು ಹೇಳಿದರು. ಕಾಕಾನಿಗೆ ಅಂಜುತ್ತಲೇ ತಿಳಿಸಿದೆ.

"ಪುಣೇದಾಗ ಕುಂತವಗ ಕಟಕೋಳದ ಗಾಡೀದು ಏನ ಗೊತ್ತ?" ಎಂದು ಕಾಕಾ ಮಾತು ಮುಗಿಸಿದ.

ತೂತುಗಳನ್ನು ಮಾತ್ರ ಅವನು ನನ್ನ ಕೈಗೆ ಕೊಟ್ಟಿರಲಿಲ್ಲ. ಮಡಿಯಿಂದ ತಾನೇ ಸ್ವಚ್ಛ ಮಾಡುವೆನೆಂದು ಕುಳಿತ. ಗಟ್ಟಿಯಾದ ವಿಭೂತಿ, ಕುಂಕುಮಗಳನ್ನೆಲ್ಲ ಎಣ್ಣೆ ಬಿಟ್ಟು ತೆಗೆದು, ಕಿರುಬೆರಳನ್ನು ತೂತಿನೊಳಗೆ ಹಾಕಿ ತಿರುವಿದ. ಮತ್ತೆ ತಿರುವಿದ. ಎರಡನೆಯದಕ್ಕೆ ಹಾಕಿದ, ಮೂರನೆಯದಕ್ಕೆ ಹಾಕಿದ. ಆಮೇಲೆ ಕೈ ಒರೆಸಿಕೊಂಡು ಎದ್ದು ದನದ ಕೊಟ್ಟಿಗೆಗೆ ಹೋದ. ನಾನೂ ಗಾಡಿಯ ಹಿಂದೆ ಹೋಗಿ ಬೆರಳು ಹಾಕಿ ನೋಡಿದೆ. ಒಳಗೆ ಬೋಲ್ಟು ತಿರುಗಿಸುವ ಗೆರೆಗಳಿದ್ದವು. ಗುಂಡು ಗೆರೆ ಕೊರೆಯುವುದಿಲ್ಲ.

ಕಾಕಾ ಕೊಟ್ಟಿಗೆಯ ಜಂತಿಯಿಂದ ಒಂದು ಕಬ್ಬಿಣದ ಚೌಕಟ್ಟು ಇಳಿಸಿಕೊಂಡು ಬಂದ. ಎತ್ತು ಎಳೆಯುವುದಕ್ಕಿಂತ ಎರಡು ಪಟ್ಟು ಅಗಲದ, ಬಿತ್ತುವ ಕೂರಿಗೆಯದು. ಅದನ್ನು ತಗಡಿಗೆ ಹಿಡಿದ. ಚೌಕಟ್ಟಿನ ಮೂರು ತೂತೂ ಗಾಡಿಯ ಮೂರು ತೂತಿಗೆ ಸರಿಯಾಗಿ ಕೂತವು.

ಕಾಕಾ ಬೇವಿನ ಬುಡಕ್ಕೆ ಕುಳಿತ. ಈ ಇಳಿವಯಸ್ಸಿನಲ್ಲಿ ಇವನಿಗೆ ಇದು ಕಾಣಬೇಕಿತ್ತೇ ಎಂದು ನನಗೆನಿಸಿತು.

"ಅಪ್ಪ ಸುಳ್ಳ ಹೇಳ್ಯಾನೇನೋ?" ಎಂದ ಕಾಕಾ.

"ಅಜ್ಜ ಈ ಕಥಿ ಹೇಳಿದ್ದು ನೀ ಯಾವತ್ತರ ಕೇಳೀಯೇನು ಕಾಕಾ?"

ಅವನು ಯೋಚಿಸಿದ. "ಇಲ್ಲ. ಅವ್ವ ಹೇಳತಿದ್ಲು. ಊರಾಗಿನವ್ರು ಹೇಳತಿದ್ರು. ಅಪ್ಪ ಪೂಜಿ ದಿನ ಕುಂಕುಮದ ತಾಟ ಹೊರಗ ಬಂತಂದ್ರ ಸಾಕು, ಟಾವೆಲ್ ಹೆಗಲಿಗೆ ಹಾಕ್ಕೊಂಡು ಹೊಲಕ್ಕ ಹೋಗಿಬಿಡ್ತಿದ್ದ. ಸತ್ತ ಜೊತಿಗಾರನ ನೆನಪಾಗತೈತಿ, ನೋಡಾಕ ಆಗೂದಿಲ್ಲ ಅಂತಿದ್ಲು ಅವ್ವ." ಚೌಕಟ್ಟಿನ ತುಕ್ಕು ಒರೆಸುತ್ತ, "ನಾಚಿಕಿ ಬರತಿತ್ತು ಅಂವಗ. ಬ್ಯಾಡ ಅನ್ನಾಕ ಬಾಯಿ ಬಂದಿಲ್ಲ," ಎಂದ.

ಯಾರು ಏನು ಹೇಳಿದರು ಎಂದು ಕೇಳುತ್ತಲೇ ಜೀವಮಾನವಿಡೀ ಪಾಠ ಮಾಡಿದ ನನಗೆ, ಯಾರು ಎದ್ದು ಹೋದರು ಎಂದು ಕೇಳಬೇಕೆಂಬುದು ಹೊಳೆದೇ ಇರಲಿಲ್ಲ. ಈಗ ಮದುವೆ ಮನೆಗೆ ಹೋದರೂ ಕಣ್ಣು ಬಾಗಿಲ ಕಡೆಗೇ ಇರುತ್ತದೆ.

ಪಂಚರಿಗೆ ಕಾಕಾ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ನಕ್ಕು, "ತೂತು ಹಂಗ ಇರಲಿ ಬಿಡ್ರಿ ಸುಬೇದಾರ್ರ, ಯಾರ ಬೆರಳ ಹಾಕಿ ನೋಡತಾರ? ಗುಂಡಿಲ್ಲದ ಗಾಡಿ ತಂದು ಸರ್ಕಲ್ಲಿನ್ಯಾಗ ಏನ ಮಾಡೂದು?" ಎಂದರು. ಕಾಕಾ ಎದ್ದು ಮನೆಗೆ ಬಂದ. ಎಂಜಿನ್ನು ಬಂತು, ಗಾಡಿ ಗುಡುಗಿತು, ಕೋಳಿಗಳು ದಿಕ್ಕಾಪಾಲಾದವು. ಆದರೆ ಅದು ಸರ್ಕಲ್ಲಿಗೆ ಹೋಗಲಿಲ್ಲ, ನಾನು ಬರೆದ ನಾಲ್ಕು ಸಾಲು ನನ್ನ ಜೇಬಿನಲ್ಲೇ ಉಳಿದವು.

ಮೊನ್ನೆಯ ಖಂಡೆ ಪೂಜೆಗೆ ಹೋಗಿದ್ದೆ. ಹಿತ್ತಲಿನಲ್ಲಿ ಊರು ನೆರೆದಿತ್ತು, ಪಂಚರೂ ಬಂದಿದ್ದರು. ಗಾಡಿಯ ಹಿಂದೆ ಮೂರು ಹೊಸ ಬೋಲ್ಟು ಬಿಗಿದು ಕಾಕಾ ಕೂರಿಗೆ ಕಟ್ಟಿಬಿಟ್ಟಿದ್ದ. ಚಿಗವ್ವ ತಾಟು ಹಿಡಿದು ಬಂದವಳು ಅಲ್ಲೇ ನಿಂತಳು. ತೂತುಗಳೇ ಇಲ್ಲ!

"ಕುಂಕುಮ ಎಲ್ಲೆ ಹಚ್ಚಲಿ?" ಎಂದಳು.

"ಅಲ್ಲೇ ಹಚ್ಚು, ಬೋಲ್ಟಿಗೆ," ಎಂದು ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದ. "ಈ ಗಾಡಿ ಯುದ್ಧಾ ಕಂಡಿಲ್ಲ. ನಮ್ಮಪ್ಪ ಬಿತ್ತಾಕ ಹಾಕಿದ ತೂತು ಅವು. ಅದ ಜ್ವಾಳಾ ಉಂಡು ನಾ ಫೌಜಿಗೆ ಹೋಗೇನಿ."

ಚಿಗವ್ವ ಮೂರು ಬೋಲ್ಟಿಗೂ ವಿಭೂತಿ ಬಳಿದು ಕುಂಕುಮ ಇಟ್ಟಳು. ಕಾಕಾ ಎಂದಿನಂತೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಕೈ ಇಳಿಸಿ, ಒದ್ದೆಯಾದ ಕಣ್ಣನ್ನು ಒರೆಸಿಕೊಳ್ಳದೆ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ಇವತ್ತ ಅಪ್ಪ ಇದ್ದಿದ್ರ, ಹೊಲಕ್ಕ ಹೋಗ್ತಿರಲಿಲ್ಲ ನೋಡು."